ಜಲಜನಕಕ್ಕೂ ಒಂದು ಸೋಮವಾರ

ನೀರಿಗೆಂದು ನೆಲ ಕೊರೆದಾಗ ನೀರು ಬರದೆ, ನೀರನ್ನು ಹೆರುವ ಗಾಳಿ ಬಂದರೆ ಊರಿನವರು ಏನು ಮಾಡಬೇಕು? ನಮ್ಮ ಸವಳಿಹಾಳದಲ್ಲಿ ಹಾಗೇ ಆಯಿತು.

ಡೋಣಿ ನದಿಯ ದಂಡೆಯ ಊರು ನಮ್ಮದು. ಕಪ್ಪು ಎರೆ ನೆಲ. 'ಡೋಣಿ ಹರಿದರೆ ಓಣಿಯೆಲ್ಲ ಕಾಳು' ಎಂಬ ಮಾತು ಸುಳ್ಳಲ್ಲ, ಕಾಳಿಗೆ ನಾವು ಯಾರ ಬಾಗಿಲಿಗೂ ಹೋದವರಲ್ಲ. ಕುಡಿಯುವ ನೀರಿನದೇ ಗೋಳು. ಹೊಳೆಯೂ ಉಪ್ಪುಪ್ಪು ಸವಳು, ಬಾವಿಯೂ ಸವಳು, ಬೋರ್ ಹಾಕಿದರೆ ಸವಳಿನ ಜೊತೆಗೆ ಹಲ್ಲು ತಿನ್ನುವ ಫ್ಲೋರೈಡು. ನಮ್ಮೂರ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಗುವುದನ್ನು ನೋಡಿ ಪರಊರಿನ ಬೀಗರು, ಭಾಳ ಮರ್ಯಾದಸ್ಥರು ಎಂದು ಹೊಗಳುತ್ತಿದ್ದರು. ಮರ್ಯಾದೆಯಲ್ಲ, ಹಲ್ಲಿನ ಮೇಲಿನ ಕಂದು ಪಟ್ಟೆ.

ಆ ವರ್ಷ ಪಂಚಾಯ್ತಿಯವರು ನಮ್ಮ ಗಾಣದ ಮನೆಯ ಹಿತ್ತಿಲಿನಲ್ಲಿ ಬೋರ್ ಹಾಕಿಸಿದರು. ಹಿಂದೆಂದೂ ಇಳಿಯದಷ್ಟು ಆಳಕ್ಕೆ ಇಳಿದರು. ನೀರಿಲ್ಲ. ಸುಸ್ತಾದ ಬೋರಿನ ಮೇಸ್ತ್ರಿ ಕೊಳವೆಯ ಪಕ್ಕ ಕುಳಿತು ಬೀಡಿ ಹಚ್ಚಿದ. 'ಭುಸ್' ಎಂದಿತು. ಹೊಗೆಯಿಲ್ಲ, ಉರಿ ಕಣ್ಣಿಗೆ ಕಾಣಲಿಲ್ಲ, ಮೇಸ್ತ್ರಿಯ ಒಂದು ಕಡೆಯ ಮೀಸೆ ಮಾತ್ರ ಇರಲಿಲ್ಲ. ಉಳಿದ ಅರ್ಧ ಮೀಸೆಯನ್ನು ಹಿಡಿದುಕೊಂಡು ಅವನು ಓಡಿದ ಓಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಪರೀಕ್ಷೆ ಮಾಡಲು ಬಂದವರು ಹೇಳಿದರು: ಆಳದಲ್ಲಿ ಕಬ್ಬಿಣ ತುಂಬಿದ ಕಲ್ಲಿದೆ, ಅದಕ್ಕೆ ಭೂಮಿಯೊಳಗಿನ ಬಿಸಿನೀರು ತಾಗಿದಾಗ ಕಲ್ಲು ನೀರೊಳಗಿನ ಪ್ರಾಣವಾಯುವನ್ನು ಹೀರಿಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ, ಆ ಇನ್ನೊಂದು ಇದು, ಇದರ ಹೆಸರು ಜಲಜನಕ.

ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಆ ಹೆಸರು ನನಗೆ ಯಾರೂ ಬಿಡಿಸಿ ಹೇಳದೆ ತಿಳಿಯಿತು. ಜಲಕ್ಕೆ ಜನಕ. ನೀರಿನ ಅಪ್ಪ.

ನಮ್ಮ ನೀರಿನ ಕಮಿಟಿಯ ಹಿರಿಯರಾದ ಗೊಲ್ಲಾಳಪ್ಪಗೌಡರು ಹಣೆ ಬಡಿದುಕೊಂಡರು. "ಮಗನ್ನ ಕರದ್ರ ಅಪ್ಪ ಬಂದ ನಿಂತಾನಲ್ಲೋ!"

"ಅಪ್ಪ ಬಂದ್ರ ಮಗಾ ಎಲ್ಲಿ ಹೋಗ್ತಾನ್ರಿ ಗೌಡ್ರ, ಹಿಂದಿಂದ ಬರ್ತಾನ," ಎಂದ ನನ್ನ ತಮ್ಮನ ಮಗ ಮಲಕಾಜಪ್ಪ. ಅವನಿಗೆ ಎಲ್ಲದಕ್ಕೂ ಒಂದು ಮಾತು ಇರುತ್ತದೆ. ಆ ಸಲ ಮಾತ್ರ ಆಡಿದ್ದು ನಿಜವಾಯಿತು.

ಕಂಪನಿಯೊಂದು ಬಂದು ಯಂತ್ರ ಹೂಡಿತು. ಬೋರಿನ ಪಕ್ಕದಲ್ಲೇ ಇದ್ದದ್ದು ನಮ್ಮ ಗಾಣದ ಮನೆ, ಆದ್ದರಿಂದ ಎತ್ತು ಸುತ್ತುತ್ತಿದ್ದ ಜಾಗದಲ್ಲೇ ಅದನ್ನು ಇಟ್ಟರು. ಒಂದು ಕಡೆಯಿಂದ ಜಲಜನಕ, ಇನ್ನೊಂದು ಕಡೆಯಿಂದ ಗಾಳಿಯೊಳಗಿನ ಆಮ್ಲಜನಕ. ನಡುವೆ ಈರುಳ್ಳಿ ಪೊರೆಯಂಥ ತೆಳು ಹಾಳೆ. ಹಾಳೆಯ ಎರಡೂ ಮೈಗೆ ಕರಿ ಮಸಿಯಂಥ ಲೇಪ. ಅಲ್ಲಿ ಎರಡೂ ಕೂಡಿದರೆ ಕರೆಂಟು ಹುಟ್ಟುತ್ತದೆ, ಬಾಲದ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ಅಂಥ ಹಾಳೆ, ತಟ್ಟೆಗಳನ್ನು ಖಡಕ್ ರೊಟ್ಟಿ ಅಡಕಿದಂತೆ ಒಂದರ ಮೇಲೊಂದು ಅಡಕಿ ಬಿಗಿದದ್ದೇ ಯಂತ್ರದ ಗುಂಡಿಗೆ. ಊರವರು ಅದನ್ನು 'ರೊಟ್ಟಿಗಂಟು' ಎಂದರು. ಯಂತ್ರಕ್ಕೆ ಬಸಪ್ಪ ಎಂದು ಹೆಸರಿಟ್ಟರು, ಗಾಣದ ಎತ್ತಿನ ಜಾಗದಲ್ಲಿ ನಿಂತದ್ದಲ್ಲವೇ.

ಊರಿಗೆ ಬೆಳಕಾಯಿತು. ಅದು ಅಷ್ಟು ದೊಡ್ಡದಲ್ಲ, ಕರೆಂಟು ಮೊದಲೂ ಇತ್ತು. ಮನೆಮನೆಗೆ ದಿನಾ ಎರಡು ಕೊಡ ಸಿಹಿನೀರು ಸಿಕ್ಕಿತು. ಸಿಹಿನೀರೆಂದರೆ ಸಪ್ಪೆ, ಮಳೆಹನಿಯಷ್ಟು ಸಪ್ಪೆ. ಆ ಸಪ್ಪೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದವರನ್ನು ನೋಡಿದ್ದೇನೆ.

ಗಾಣಿಗರ ಮನೆಯಲ್ಲಿ ಸೋಮವಾರ ಎತ್ತಿಗೆ ನೊಗವಿಲ್ಲ. ಅದು ಬಸವಣ್ಣನ ವಾರ. ನನ್ನ ಮಾವನ ಕಾಲದಲ್ಲಿ ಎಣ್ಣೆ ತೀರಿ ದೀಪ ಹಚ್ಚದೆ ಕುಳಿತೆವು, ಆದರೆ ಸೋಮವಾರ ಗಾಣ ತಿರುಗಲಿಲ್ಲ. ಆದ್ದರಿಂದ ಬಸಪ್ಪನಿಗೂ ಸೋಮವಾರ ಬಿಡುವು ಎಂದು ಊರೆಲ್ಲ ಒಪ್ಪಿತು. ಕಂಪನಿಯವರೂ ಬೇಡವೆನ್ನಲಿಲ್ಲ. ಒಂದು ದಿನ ನಿಂತರೆ ಒಳ್ಳೆಯದೇ, ಗ್ಯಾಸೂ ಉಳಿಯುತ್ತದೆ ಎಂದರು. ಯಂತ್ರ ನೋಡಿಕೊಳ್ಳುವ ಕೆಲಸ ಮಲಕಾಜಪ್ಪನದು. ಐತವಾರ ಸಂಜೆ ಜಲಜನಕದ ಕೀಲಿ ತಿರುವಿ ಬಂದ್ ಮಾಡುತ್ತಿದ್ದ, ಮಂಗಳವಾರ ಮುಂಜಾನೆ ಕೈಮುಗಿದು ಚಾಲೂ ಮಾಡುತ್ತಿದ್ದ.

ಎಂಟು ವರ್ಷ ಬಾಳಬೇಕಾಗಿದ್ದ ರೊಟ್ಟಿಗಂಟು ಎರಡು ತುಂಬುವುದರೊಳಗೆ ಸತ್ತಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಕೂಡಿಸುವಾಗ ಕಂಪನಿಯವರು ನೇರ ಹೇಳಿದರು: ಇದು ಕಡೆಯದು. ದೀಪಾವಳಿ ಕಳೆದ ಮೇಲೆ ಪರೀಕ್ಷೆ ಮಾಡುತ್ತೇವೆ, ಪೂರ್ತಿ ಭಾರ ಹೊತ್ತಾಗ ಕರೆಂಟು ಪರದೆಯ ಕೆಂಪು ಗೆರೆಯ ಮೇಲೆ ನಿಂತರೆ ಯಂತ್ರ ನಿಮ್ಮದು. ಕೆಳಗಿಳಿದರೆ ಬಿಚ್ಚಿಕೊಂಡು ಹೋಗುತ್ತೇವೆ, ಬೋರಿಗೆ ಮುಚ್ಚಳ.

ನನ್ನ ಮೊಮ್ಮಗನ ಹೆಂಡತಿ ರುಕ್ಮವ್ವ ಆ ಮಾತನ್ನು ಕೇಳಿಸಿಕೊಂಡು ಅಡುಗೆಮನೆಗೆ ಹೋದಳು. ಅವಳ ಮಗಳು ದಾನಮ್ಮ ಇನ್ನೂ ತೊದಲು ಮಾತಿನ ಕೂಸು. ಹಾಲುಹಲ್ಲು ಅಚ್ಚಬಿಳಿ. ಡಾಕ್ಟರ್ ಹೇಳಿದ್ದರು, ಹಾಲುಹಲ್ಲಿನ ಕೆಳಗೆ ವಸಡಿನಲ್ಲಿ ಮುಂದಿನ ಹಲ್ಲು ಈಗಲೇ ಕಟ್ಟುತ್ತಿವೆ, ಈಗ ಕುಡಿದ ನೀರು ಮುಂದೆ ಬಾಯಲ್ಲಿ ಕಾಣುತ್ತದೆ ಎಂದು.

"ಆಯಿ," ಎಂದಳು ರುಕ್ಮವ್ವ, ಹಿಟ್ಟು ನಾದುತ್ತ, "ಇನ್ನ ಮೂರ ವರ್ಷ ಆ ಬಸಪ್ಪ ಉಳದ್ರ ಸಾಕ. ನನ್ನಂಗ ಆಗಬಾರದ ಇದು."

ಊರಿನಲ್ಲಿ ಅಂಥ ಕೂಸುಗಳು ಬಹಳ ಇದ್ದವು.

* * *

ಕಂಪನಿಯ ಕಡೆಯಿಂದ ನಮ್ಮ ಯಂತ್ರವನ್ನು ನೋಡುತ್ತಿದ್ದವಳು ತಸ್ಲೀಮಾ ಬಾಗವಾನ. ವಿಜಯಪುರದ ಹುಡುಗಿ, ಹಣ್ಣಿನ ವ್ಯಾಪಾರದ ಮನೆತನ. ಮೋಟರ್ ಸೈಕಲ್ ಮೇಲೆ ಬರುತ್ತಿದ್ದಳು. ಬಂದವಳು ಮೊದಲು ಯಂತ್ರಕ್ಕೆ ಕಿವಿ ಹಚ್ಚುತ್ತಿದ್ದಳು, ಆಮೇಲೆ ನನ್ನ ಅಡುಗೆಮನೆಗೆ ಮೂಗು ಹಚ್ಚುತ್ತಿದ್ದಳು.

ಒಂದು ದಿನ ಗೌಡರನ್ನೂ ನನ್ನನ್ನೂ ವಿಜಯಪುರದ ಕಂಟ್ರೋಲ್ ರೂಮಿಗೆ ಕರೆಸಿದಳು. ತಣ್ಣನೆಯ ಕೋಣೆ. ಗೋಡೆಯಷ್ಟು ಅಗಲದ ಪರದೆಯಲ್ಲಿ ನಮ್ಮ ಬಸಪ್ಪನ ಉಸಿರು ಗೆರೆಗೆರೆಯಾಗಿ ಓಡುತ್ತಿತ್ತು. ಅಲ್ಲೇ ಗಾಜಿನ ಆಚೆ ಬಸಪ್ಪನಂಥದೇ ಇನ್ನೊಂದು ಯಂತ್ರ. ಅದೇ ರೊಟ್ಟಿಗಂಟು, ನಮ್ಮದೇ ಬೋರಿನಿಂದ ಸಿಲಿಂಡರಿನಲ್ಲಿ ತುಂಬಿಸಿ ತಂದ ಅದೇ ಜಲಜನಕ. ಅದಕ್ಕೆ ಮಾತ್ರ ಏನೂ ಆಗಿಲ್ಲ, ಹೋರಿಯಂತೆ ನಡೆಯುತ್ತಿದೆ ಎಂದಳು.

ಮೊದಲು ಅದರ ಹಾಳೆಯ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಕರಿ ಗುಡ್ಡಗಳು, ಗುಡ್ಡಗಳ ಮೇಲೆಲ್ಲ ಸಾಸಿವೆ ಎರಚಿದಂತೆ ಬಿಳಿ ಚುಕ್ಕೆ.

"ಈ ಚುಕ್ಕಿ ಪ್ಲಾಟಿನಂ, ಆಯಿ. ಲಗ್ನ ಕುದುರಸೂ ಹಿರ್ಯಾರಿದ್ದಂಗ. ಜಲಜನಕಾನ, ಆಮ್ಲಜನಕಾನ ಜೋಡಿ ಮಾಡಿ ಕಳಸ್ತಾವು. ತಾವು ಅಲ್ಲೇ ಇರ್ತಾವು, ಖರ್ಚಾಗೂದಿಲ್ಲ."

"ಲಗ್ನದಾಗ ಉಣ್ಣೂದೂ ಇಲ್ಲೇನ?" ಎಂದರು ಗೌಡರು.

"ಅದನ್ನ ಈಗ ನೋಡ್ರಿ," ಎಂದು ಎರಡನೆಯ ಚಿತ್ರ ಹಾಕಿದಳು. ನಮ್ಮ ಸತ್ತ ಗಂಟಿನದು. ಸಾಸಿವೆ ಕಾಳು ಉರುಳಿ ಉರುಳಿ ಒಂದಕ್ಕೊಂದು ಅಂಟಿ ಗೋಲಿಯಷ್ಟಾಗಿದ್ದವು. ಗುಡ್ಡಗಳು ಕುಸಿದಿದ್ದವು.

"ಹಿರ್ಯಾರಿಗೆ ಬೊಜ್ಜ ಬಂದೈತಿ," ಎಂದೆ ನಾನು.

"ಕಟ್ಟಿ ಮ್ಯಾಲ ಗುಂಪಾಗಿ ಕುಂತ ಹರಟಿ ಹೊಡ್ಯಾಕತ್ತಾರ," ಎಂದರು ಗೌಡರು.

ತಸ್ಲೀಮಾ ನಕ್ಕಳು. "ಅದ ಆಗಿದ್ದು. ಸಣ್ಣ ಇದ್ದಾಗ ಮೈಯೆಲ್ಲಾ ಕೆಲಸ ಮಾಡ್ತಾವು. ದಪ್ಪಾದ ಮ್ಯಾಲ ಒಳಗಿಂದು ಒಳಗ ಉಳೀತೈತಿ, ಹೊರಮೈ ಕಡಿಮಿ ಆಗ್ತೈತಿ. ಕುಂತ ಕಟ್ಟಿನೂ ಸುಟ್ಟು ಬಿದ್ದೈತಿ. ಆದ್ರ ಯಾಕ ಅನ್ನೂದು ಈ ವಾರ ತಿಳೀತು. ಇದನ್ನ ನೋಡ್ರಿ."

ಪರದೆಯ ಮೇಲೆ ಎರಡು ಗೆರೆ. ಲ್ಯಾಬಿನ ಯಂತ್ರದ ಗೆರೆ ಹೊಲದ ಬದುವಿನಂತೆ ನೆಟ್ಟಗೆ. ನಮ್ಮ ಬಸಪ್ಪನದು ಬಾವಿಯ ಮೆಟ್ಟಿಲಿನಂತೆ ಇಳಿದಿತ್ತು. ಒಂದಿಷ್ಟು ದೂರ ಸಮ, ಆಮೇಲೆ ಒಂದು ಮೆಟ್ಟಿಲು ಕೆಳಗೆ. ಮತ್ತೆ ಸಮ, ಮತ್ತೆ ಮೆಟ್ಟಿಲು.

"ಒಂದೊಂದು ಮೆಟ್ಲಾನೂ ಯಾವತ್ತಿಂದು?" ಕೇಳಿದರು ಗೌಡರು.

"ಮಂಗಳಾರ ಮುಂಜಾನಿವು," ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಸೋಮವಾರ ಜಲಜನಕವನ್ನು ಬಂದ್ ಮಾಡಿ ನಿಲ್ಲಿಸಿದಾಗ ಹೊರಗಿನ ಗಾಳಿ ಮೆಲ್ಲಗೆ ನುಸುಳಿ ಜಲಜನಕ ಇರಬೇಕಾದ ಕಡೆಯಲ್ಲಿ ಕೂಡುತ್ತದೆ. ಒಳಗಿನ ಹಸಿಯೂ ಆರುತ್ತದೆ. ಮಂಗಳವಾರ ಚಾಲೂ ಮಾಡಿದಾಗ ಒಂದೇ ಮಗ್ಗುಲಿನಲ್ಲಿ ಮುಂದೆ ಜಲಜನಕ, ಹಿಂದೆ ಗಾಳಿ. ಆ ಒಂದು ಗಳಿಗೆಯಲ್ಲಿ ಆಚೆ ಮಗ್ಗುಲಿನ ಮಸಿಗುಡ್ಡ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಪ್ಲಾಟಿನಂ ನೆಲೆ ತಪ್ಪಿ ಉರುಳುತ್ತದೆ. ನಡೆದು ನಡೆದು ಸವೆದದ್ದಲ್ಲ, ಎಬ್ಬಿಸುವಾಗ ಸತ್ತದ್ದು.

ಬಸ್ಸಿಳಿದು ಊರಿಗೆ ಬಂದು ಹೇಳಿದೆವು. ಸುದ್ದಿ ಕೇಳಿ ಮಲಕಾಜಪ್ಪನ ಮುಖ ಸಣ್ಣದಾಯಿತು. "ಅಂದ್ರ ನಾ ವಾರಾವಾರಾ ಕೈಮುಗದು ಮುಗದು ಅದರ ಎದಿ ಮ್ಯಾಲ ಕಾಲ ಇಟ್ಟೀನಿ ಅನ್ರಿ!"

* * *

ಕಟ್ಟೆಯ ಮೇಲೆ ಜನ ಕೂಡಿದರು. ಸೋಮವಾರವೂ ನಡೆಸಿಬಿಡೋಣ, ಅದೇನು ಕೋಡಿದ್ದ ಎತ್ತೇ ಎಂದು ಅರ್ಧ ಜನ. ಬಸಪ್ಪ ಎಂದು ಹೆಸರಿಟ್ಟು, ಕುಂಕುಮ ಹಚ್ಚಿ, ಈಗ ತಬ್ಬಿಬ್ಬಾದ ಕೂಡಲೇ ಅದು ಡಬ್ಬಿ ಎಂದರೆ ನಾಲಿಗೆಗೆ ಏನು ಬೆಲೆ ಎಂದು ಇನ್ನರ್ಧ ಜನ. ಗಾಣದ ಮನೆ ನನ್ನದಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ರುಕ್ಮವ್ವ ಕೂಸನ್ನು ಎತ್ತಿಕೊಂಡು ಹಿಂದೆ ನಿಂತಿದ್ದಳು, ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಸೋಮವಾರ ಗಾಣ ತಿರುಗಿಸಿದ ಮೊದಲ ಹೆಂಗಸು ಎನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಆ ಕೂಸಿನ ಹಲ್ಲು ಕಂದಾಗುವುದೂ ಬೇಡವಾಗಿತ್ತು. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಮರುದಿನ ತಸ್ಲೀಮಾ ಬಂದಳು. ರೊಟ್ಟಿ, ಪುಂಡಿಪಲ್ಲೆ ಹಾಕಿ ಕೊಟ್ಟೆ. ಅವಳು ಒತ್ತಾಯ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೇರೆಯೇ ಕೇಳಿದಳು.

"ಆಯಿ, ಸ್ವಾಮಾರ ನೀವು ಎತ್ತಿಗೆ ಏನೇನ ಮಾಡ್ತಿದ್ರಿ, ಎಲ್ಲಾ ಹೇಳ್ರಿ. ಬಿಡ್ರಿ ಅನ್ನೂಕಿಂತ ಮೊದಲ ಏನ ಬಿಡಾಕ ಹೇಳಾಕತ್ತೀನಿ ಅನ್ನೂದು ನನಗ ಗೊತ್ತಾಗಲಿ."

"ಏನೈತವ್ವ ಹೇಳೂದು. ಐತಾರ ಸಂಜೀಕ ಕೊಳ್ಳ ಹರೀತಿದ್ವಿ. ಅಂದ್ರ ನೊಗ ಇಳಸೂದು. ಸ್ವಾಮಾರ ಮೈ ತೊಳೀತಿದ್ವಿ, ನೀರ ಕುಡಸ್ತಿದ್ವಿ, ದಿನಾಕಿಂತ ಒಂದು ಮುಟಿಗಿ ಹೆಚ್ಚ ಹಿಂಡಿ ಇಡ್ತಿದ್ವಿ. ನೆರಳಾಗ ಮಲಕೊಂಡು ಮೆಲಕ ಹಾಕ್ತಿತ್ತು."

"ಮೇವ ನಿಲ್ಲಸ್ತಿದ್ದಿಲ್ಲ?"

"ಮೇವ ನಿಲ್ಲಸಿದ್ರ ಅದು ಬಿಡುವ ಹೆಂಗಾಗ್ತೈತಿ ತಂಗಿ? ಉಪಾಸ ಆಗ್ತೈತಿ."

ಅವಳ ಕೈಯಲ್ಲಿನ ರೊಟ್ಟಿ ತುಂಡು ಪಲ್ಲೆಯಲ್ಲೇ ನಿಂತಿತು. "ಉಪಾಸ," ಎಂದಳು. "ಆಯಿ, ನೀವು ಬಿಡುವು ಅಂದ್ರಿ, ನಾವು ಅದನ್ನ ಬಂದ್ ಅಂತ ಬರಕೊಂಡ್ವಿ. ಗ್ಯಾಸ್ ಉಳೀತೈತಿ ಅಂತ ಕೀಲಿ ತಿರುವಾಕ ಹೇಳಿದವರು ನಾವ. ನೀವಲ್ಲ."

"ಮತ್ತ ಈಗ?"

"ಮೇವ ಇರಲಿ, ನೊಗ ಇಳೀಲಿ. ಜಲಜನಕ ಹಂಗ ಇರ್ತೈತಿ, ಗಾಳಿ ಅಷ್ಟ ಬಂದ್. ಹಿಂಗ ಮಾಡಬಹುದು ಅಂತ ನಾ ಓದೀನಿ, ಮನಸಿಗೆ ಹೊಳದಿರಲಿಲ್ಲ. ಯಂತ್ರ ಕೆಲಸಾ ಮಾಡೂದಿಲ್ಲ. ಸಾಯೂದೂ ಇಲ್ಲ. ನಿಮ್ಮ ಬಸವಣ್ಣಗ ಇದು ಒಪ್ಪಿಗಿ ಆಗ್ತೈತಿಲ್ಲ?"

"ಆಂವಾ ಒಪ್ಪೇ ಒಪ್ಪತಾನ," ಎಂದೆ. "ನಿಮ್ಮ ಸಾಹೇಬ್ರು ಒಪ್ಪತಾರೇನ ಕೇಳು."

ಸಾಹೇಬರು ಒಪ್ಪಲು ಎರಡು ವಾರ ಹಿಡಿಯಿತು.

ಮೊದಲ ಐತವಾರ ಸಂಜೆ ಗಾಣದ ಮನೆ ತುಂಬ ಜನ. ಗಾಳಿಯ ಕೊಳವೆಗೆ ಹೊಸ ಕೀಲಿ ಹಾಕಿದ್ದರು, ಯಂತ್ರಕ್ಕೆ ಒಂದು ಸಣ್ಣ ದೀಪ ಜೋಡಿಸಿದ್ದರು. ಮಲಕಾಜಪ್ಪ ಗಾಳಿಯ ಕೀಲಿ ಮುಚ್ಚಿದ. ಊರಿನ ಕರೆಂಟು ಬೇರೆ ತಂತಿಗೆ ಹೋಯಿತು. ದೀಪ ಮಾತ್ರ ಉರಿಯುತ್ತಿತ್ತು.

"ಒಳಗ ಸಿಕ್ಕ ಆಮ್ಲಜನಕಾನ ಈ ದೀಪ ತಿಂದು ಮುಗಸ್ತೈತಿ," ಎಂದಳು ತಸ್ಲೀಮಾ. "ಅದು ಮುಗಿದ್ರ ತಾನ ಆರ್ತೈತಿ. ಆಮ್ಯಾಲ ಒಳಗ ಬರೇ ಜಲಜನಕ, ಹಸಿ. ಸುಡಾಕ ಯಾರೂ ಉಳ್ಯೂದಿಲ್ಲ."

"ಎಷ್ಟ ಹಸಿ?" ಕೇಳಿದರು ಗೌಡರು.

"ಭಾಳ ನೀರ ನಿಂತ್ರ ಹಾಳಿಗೆ ಉಸರ ಕಟ್ತೈತಿ. ಒಣಗಿದ್ರ ಬಿರೀತೈತಿ."

"ಅಂದ್ರ ನಮ್ಮ ಎರಿ ಹೊಲಾನ," ಎಂದರು ಗೌಡರು. "ಹದ ನೋಡಿ ಇಳೀಬೇಕು."

"ಹದ!" ಎಂದಳು ತಸ್ಲೀಮಾ. "ನಾವು ಇದಕ್ಕ ಅಷ್ಟುದ್ದದ ಹೆಸರ ಇಟಗೊಂಡೀವಿ. ನೀವು ಎರಡ ಅಕ್ಷರದಾಗ ಮುಗಿಸಿದ್ರಿ."

ದೀಪ ಹಳದಿಯಾಯಿತು, ಕೆಂಪಾಯಿತು, ಎಣ್ಣೆ ತೀರಿದ ಹಣತೆಯಂತೆ ಮೆಲ್ಲಗೆ ಆರಿತು. ಯಾರೋ ಮುದುಕರು 'ಕೊಳ್ಳ ಹರಿತು' ಎಂದರು. ಅಂದಿನಿಂದ ಅದಕ್ಕೆ ಅದೇ ಮಾತು ನಿಂತಿತು. ಕಂಟ್ರೋಲ್ ರೂಮಿನವರೂ ಫೋನ್ ಮಾಡಿ "ಕೊಳ್ಳ ಹರದ್ರೇನು?" ಎಂದೇ ಕೇಳತೊಡಗಿದರು.

ಮಂಗಳವಾರ ಮುಂಜಾನೆ ಗೆರೆ ಮೆಟ್ಟಿಲು ಇಳಿಯಲಿಲ್ಲ. ಇಳಿಯುವುದಿರಲಿ, ಒಂದು ಕೂದಲೆಳೆಯಷ್ಟು ಮೇಲಕ್ಕೆ ಎದ್ದಿತ್ತು. ತಸ್ಲೀಮಾ ಫೋನಿನಲ್ಲಿ ಕೂಗಿಕೊಂಡಳು. ಆ ಹಸಿಬಿಡುವಿನಲ್ಲಿ ಪ್ಲಾಟಿನಂ ಮೇಲೆ ಹಿಡಿದ ಕಿಲುಬು, ಅಂಟಿದ ಹೊಲಸು ಹಿಡಿತ ಬಿಡುತ್ತದಂತೆ. ಮರುದಿನ ಹುಟ್ಟುವ ನೀರು ಅದನ್ನು ತೊಳೆದು ಒಯ್ಯುತ್ತದಂತೆ. ಬೊಜ್ಜು ಬಂದವು ಮತ್ತೆ ಸಣ್ಣವಾಗಲಾರವು, ಕುಸಿದ ಗುಡ್ಡ ಏಳಲಾರದು. ಉಳಿದವು ಮಾತ್ರ ಮೈ ತೊಳೆದುಕೊಂಡು ಕೆಲಸಕ್ಕೆ ನಿಂತವು. ವಾರ ಕಳೆದಂತೆ ಗೆರೆ ಕೆಂಪು ಗೆರೆಗಿಂತ ಮೇಲೆ, ನೆಟ್ಟಗೆ ನಡೆಯಿತು.

* * *

ಪರೀಕ್ಷೆ ದೀಪಾವಳಿ ಕಳೆದ ಒಂದು ಮಂಗಳವಾರಕ್ಕೆ ಗೊತ್ತಾಯಿತು. ಹಿಂದಿನ ದಿನ ಸೋಮವಾರ. ನಮ್ಮೂರ ಹೆಣ್ಣುಮಕ್ಕಳಿಗೆ ಸುಮ್ಮನಿರಲಾಗಲಿಲ್ಲ. ನಾಳೆ ಪರೀಕ್ಷೆ, ಬಸಪ್ಪ ಧೂಳು ಹೊದ್ದು ನಿಂತಿದ್ದಾನೆ, ಸೋಮವಾರವೂ ಹೌದು, ಮೈ ತೊಳೆಯೋಣ ಎಂದರು. ನಾನು ದಾನಮ್ಮನನ್ನು ಮಲಗಿಸುತ್ತಿದ್ದೆ. ಮಲಕಾಜಪ್ಪ ತಾನೂ ಉಮೇದಿಗೆ ಬಿದ್ದು, ಗಾಳಿ ಎಳೆಯುವ ಕಡೆಯ ಜಾಲರಿ ಬಿಚ್ಚಿ ಧೂಳು ಝಾಡಿಸುತ್ತಿದ್ದ. "ಮೂಗೂ ತೊಳೀರಿ," ಎಂದನಂತೆ ನಗೆಗೆ. ನಗೆಯ ಮಾತು ಎಂದು ಅವರಿಗೆ ಹೇಗೆ ತಿಳಿಯಬೇಕು? ಬಾವಿಯ ನೀರು ತುಂಬಿಸಿ ತಂದಿದ್ದರು. ಕೊಡದ ಮೇಲೆ ಕೊಡ, ಬಸಪ್ಪನ ಮೂಗಿನಲ್ಲೇ ಸುರಿದರು. ಆರತಿ ಎತ್ತಿದರು. ಹಾಡಿದರು.

ಮೋಟರ್ ಸೈಕಲ್ ನಿಲ್ಲಿಸಿ ಒಳಗೆ ಬಂದ ತಸ್ಲೀಮಾ ಕಂಡದ್ದು ಚೆಂಡುಹೂವಿನ ಹಾರ, ಕುಂಕುಮ, ಮೂಗಿನಿಂದ ಸೋರುತ್ತಿದ್ದ ನೀರು. ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು.

"ಇದು ಯಾ ನೀರು?"

"ಬಾವೀವು," ಎಂದಳು ಒಬ್ಬಳು, ಹೆಮ್ಮೆಯಿಂದ. "ಸಿಹಿನೀರ ಯಾಕ ದಂಡ ಮಾಡೂದ ಅಂತ."

ತಸ್ಲೀಮಾ ಅಲ್ಲೇ ಕೂತು ಬಿಡಿಸಿ ಹೇಳಿದಳು. ಸವಳು ಪ್ಲಾಟಿನಂಗೆ ವಿಷ. ಅದನ್ನು ಕರಗಿಸುತ್ತದೆ. ಗಾಳಿಯನ್ನು ಒಳಗೆ ಬಿಡುವ ಮೊದಲು ಹಸಿ ಮಾಡುವ ಒಂದು ಡಬ್ಬಿ ಇದೆ, ತುಂಬ ಸಣ್ಣ ಕೊಳವೆಗಳು, ಅದರೊಳಗೆಲ್ಲ ಬಾವಿನೀರು ಕೂತಿತ್ತು. ಬಿಡುವಿನ ದಿನವಾದ್ದರಿಂದ ಅದರ ಮುಂದಿನ ಕೀಲಿ ಮುಚ್ಚಿತ್ತು, ಗಂಟಿಗೆ ಇನ್ನೂ ತಾಗಿರಲಿಲ್ಲ. ನಾಳೆ ಗಾಳಿ ಬಿಟ್ಟ ಕೂಡಲೇ ಸವಳೆಲ್ಲ ಒಳಗೆ ಹೋಗುತ್ತದೆ, ಸಾಹೇಬರ ಕಣ್ಣೆದುರಿಗೇ ಗೆರೆ ಕುಸಿಯುತ್ತದೆ. ಹೊಸ ಡಬ್ಬಿ ಬರಲು ತಿಂಗಳು ಬೇಕು.

ಮಲಕಾಜಪ್ಪ ಬಿಚ್ಚಿದ ಜಾಲರಿ ಹಿಡಿದುಕೊಂಡು ಮೂಲೆಗೆ ಸರಿದ.

ಅಷ್ಟರಲ್ಲಿ ನಾನೂ ಬಂದಿದ್ದೆ. "ತೊಳದ್ರ ಹೋಗೂದಿಲ್ಲೇನ?" ಎಂದೆ.

"ಸವಳ ನೀರೀಲೆ ತೊಳದ್ರ ಹೆಂಗ ಹೋಗ್ತೈತಿ ಆಯಿ? ಒಂದ ಹರಳ ಉಪ್ಪ ಇಲ್ಲದ ನೀರ ಬೇಕು. ಅದೂ ಕೊಡಗಟ್ಟಲೆ."

"ಅಂಥಾ ನೀರ ಯಾರ ಕೊಡ್ತಾರ?"

"ಕೊಡಾಂವ ಇವನ," ಎಂದು ಬಸಪ್ಪನ ಕಡೆ ಕೈ ಮಾಡಿದಳು. "ಇವತ್ತ ಬಿಡುವ ಮ್ಯಾಲ ಅದಾನ."

ಸೋಮವಾರಕ್ಕೆಂದು ಐತವಾರವೇ ಜನ ಹೆಚ್ಚಿಗೆ ನೀರು ತುಂಬಿಸಿಕೊಳ್ಳುವ ರೂಢಿ. ಬಸಪ್ಪನ ತೊಟ್ಟಿ ಬರಿದಾಗಿತ್ತು. ನೀರೆಲ್ಲ ಮನೆಮನೆಯ ಮೂಲೆಯಲ್ಲಿತ್ತು. ರುಕ್ಮವ್ವ ಏನೂ ಹೇಳದೆ ಒಳಗೆ ಹೋಗಿ, ಕೂಸಿಗೆಂದು ಮುಚ್ಚಿಟ್ಟಿದ್ದ ಸ್ಟೀಲ್ ಕೊಡ ಹೊತ್ತು ತಂದು ತಸ್ಲೀಮಾಳ ಮುಂದೆ ಇಟ್ಟಳು. ಅದನ್ನು ನೋಡಿ ಎದುರು ಮನೆಯವಳು ಹೋದಳು. ಆಮೇಲೆ ಓಣಿಗೆ ಓಣಿಯೇ ಎದ್ದಿತು. ಕೊಡ, ಬಿಂದಿಗೆ, ಹಂಡೆ, ಒಬ್ಬ ಮುದುಕಿಯಂತೂ ತಾನು ಕುಡಿದು ಉಳಿದ ಚರಿಗೆಯನ್ನೇ ತಂದಳು. "ಎಂಜಲ ಆಗೇತಿ, ನಡೀತೈತೇನವ್ವ?" ಎಂದು ಕೇಳಿದಳು. ತಸ್ಲೀಮಾ ಅವಳ ಕೈ ಹಿಡಿದುಕೊಂಡು, "ಇದು ನೀವ ಕುಡೀರಿ ಅಜ್ಜಿ," ಎಂದಳು.

ಬೆರಳುದ್ದದ ಒಂದು ಮೀಟರ್ ತೆಗೆದು ಒಂದೊಂದೇ ಕೊಡದಲ್ಲಿ ಅದ್ದಿ ನೋಡತೊಡಗಿದಳು. ನೀರಿನಲ್ಲಿ ಉಪ್ಪಿದ್ದರೆ ಅದು ಕೂಗುತ್ತದೆ. ರುಕ್ಮವ್ವನ ಕೊಡಕ್ಕೆ ಕೂಗಲಿಲ್ಲ. ಕುಂಬಾರರ ಕೊಡಕ್ಕೂ ಇಲ್ಲ, ಮುಲ್ಲಾನ ಮನೆಯ ಹಂಡೆಗೂ ಇಲ್ಲ. ಗೊಲ್ಲಾಳಪ್ಪಗೌಡರ ತಾಮ್ರದ ಕೊಡಕ್ಕೆ ಅದ್ದಿದಾಗ ಮೀಟರ್ ಕಿರ್ರನೆ ಕಿರುಚಿಕೊಂಡಿತು.

ಎಲ್ಲರೂ ಗೌಡರತ್ತ ತಿರುಗಿದರು.

"ಮೀಟರ್ ಕೆಟ್ಟಿರಬೇಕು," ಎಂದರು ಗೌಡರು.

"ಮೀಟರ್ ಕೆಟ್ಟಿಲ್ಲರಿ, ಇವರ ನಾಲಿಗಿ ಕೆಟ್ಟೈತಿ," ಎಂದಳು ಅವರ ಹೆಂಡತಿ, ಇಡೀ ಊರಿನ ಎದುರಿಗೆ. "ಸಪ್ಪನ್ನ ನೀರಿಂದು ಚಾ ಇಳೀವಲ್ದಂತ. ಕೊಡಕ್ಕೊಂದು ತಂಬಿಗಿ ಬಾವಿನೀರ ಬೆರಸ್ತಾರ. ಕಮಿಟಿ ಹಿರ್ಯಾರ!"

ನಗೆ ಗಾಣದ ಮನೆಯ ಹೆಂಚು ಹಾರುವಂತೆ ಎದ್ದಿತು. ಮಲಕಾಜಪ್ಪನಿಗೆ ಹೋದ ಜೀವ ಬಂತು. "ಗೌಡ್ರ, ನಿಮ್ಮನ್ನೂ ಒಂದ ಸಲ ಒಳಗಿಂದ ತೊಳೀಬೇಕ್ರಿ," ಎಂದ. ಗೌಡರು ತಾವೇ ತಮ್ಮ ಕೊಡವನ್ನು ಬೀದಿಗೆ ಸುರಿದು ಬಂದು, ತೋಳು ಮಡಚಿ ಕೆಲಸಕ್ಕೆ ನಿಂತರು.

ಮಧ್ಯಾಹ್ನ ಪೂರ್ತಿ ತೊಳೆದದ್ದೇ ತೊಳೆದದ್ದು. ಮೇಲಿನಿಂದ ಸುರಿಯುವುದು, ಕೆಳಗೆ ಹಿಡಿಯುವುದು, ಮೀಟರ್ ಅದ್ದುವುದು. ಮೊದಮೊದಲು ಕಿರುಚಿತು. ಆಮೇಲೆ ಕುಂಯ್‌ಗುಟ್ಟಿತು. ಕೊಡಗಳು ಒಂದೊಂದಾಗಿ ಬರಿದಾಗಿ ಗೋಡೆಗೆ ಬೋರಲು ಬಿದ್ದವು. ಕೊನೆಯ ಕೊಡವನ್ನು ರುಕ್ಮವ್ವನೇ ಎತ್ತಿ ಸುರಿದಳು. ಕೆಳಗೆ ಹಿಡಿದ ನೀರಿನಲ್ಲಿ ಮೀಟರ್ ಸುಮ್ಮನಿತ್ತು.

ಆ ಸಂಜೆ ಊರಲ್ಲಿ ಯಾರ ಮನೆಯಲ್ಲೂ ಕುಡಿಯಲು ಸಿಹಿನೀರಿರಲಿಲ್ಲ. ಕೂಸುಗಳಿಗೆ ಹಾಲು ಕುಡಿಸಿದರು. ದೊಡ್ಡವರು ಮಜ್ಜಿಗೆ, ಕಬ್ಬು, ಸೌತೆಕಾಯಿ ಎಂದು ಏನೇನೋ ಮಾಡಿಕೊಂಡರು. ಬಾವಿಗೆ ಮಾತ್ರ ಯಾರೂ ಹೋಗಲಿಲ್ಲ. ಗೌಡರೂ ಹೋಗಲಿಲ್ಲ. ನೋಡಿದ್ದೇನೆ.

* * *

ಮಂಗಳವಾರ ಸೂರ್ಯ ಹುಟ್ಟಿದಾಗ ಗಾಣದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ವಿಜಯಪುರದ ಕೋಣೆಯಿಂದಲೇ ನೋಡುತ್ತಿದ್ದರು. ತಸ್ಲೀಮಾಳ ಕೈಯಲ್ಲಿನ ಹಲಗೆಯಂಥ ಪರದೆಯಲ್ಲಿ ಕೆಂಪು ಗೆರೆ, ಕೆಳಗೆ ನಮ್ಮ ಹಸಿರು ಗೆರೆ.

ಮಲಕಾಜಪ್ಪ ಗಾಳಿಯ ಕೀಲಿ ಬಿಟ್ಟ. ಹಸಿರು ಗೆರೆ ಎದ್ದಿತು. ಪೂರ್ತಿ ಭಾರ ಹಾಕಿದರು. ಗೆರೆ ತೂಗಾಡಿ, ಕೆಂಪು ಗೆರೆಯ ಕೆಳಗೆ ಇಳಿದು ನಿಂತಿತು.

ಫೋನಿನಲ್ಲಿ ಸಾಹೇಬರ ದನಿ ಬಂತು. "ತಸ್ಲೀಮಾ, ಕೆಳಗ ಅದ."

"ಸರ್, ಹಾಳಿ ಇನ್ನೂ ಹದಕ್ಕ ಬಂದಿಲ್ಲ. ಸ್ವಲ್ಪ ತಡೀರಿ."

"ಏನಕ್ಕ ಬಂದಿಲ್ಲ?"

"ಹದಕ್ಕ, ಸರ್."

ಸಾಹೇಬರು ತಡೆದರು. ಬಸಪ್ಪನ ಒಳಗೆ ನೀರು ಹುಟ್ಟಿ ಹಾಳೆಯಿಂದ ಹಾಳೆಗೆ ಇಳಿಯುವ ಸಣ್ಣ ಸದ್ದು. ಹಸಿರು ಗೆರೆ ಕೆಂಪಿನ ಕೆಳಗೆ ಹರಿದು, ಹರಿದು, ಅದರ ಮೈಗೆ ತಾಗಿತು. ಅಲ್ಲಿ ನಿಂತಿತು. ಮಲಕಾಜಪ್ಪ ನನ್ನ ಸೆರಗು ಹಿಡಿದುಕೊಂಡಿದ್ದ, ಬಹುಶಃ ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಗೆರೆ ಮೆಲ್ಲಗೆ, ಅಂಬೆಗಾಲಿಟ್ಟ ಕೂಸು ಹೊಸ್ತಿಲು ದಾಟುವ ಹಾಗೆ, ಕೆಂಪನ್ನು ದಾಟಿ ಮೇಲೆ ಬಂತು. ಮತ್ತೆ ಇಳಿಯಲಿಲ್ಲ. ಒಂದು ತಾಸು ನೋಡಿದರು, ಇಳಿಯಲಿಲ್ಲ.

"ಪಾಸ್," ಎಂದರು ಸಾಹೇಬರು. "ಯಂತ್ರ ಅಲ್ಲೇ ಇರಲಿ."

ಜನ ಕೂಗಿದ್ದು ಡೋಣಿಯ ಆಚೆ ದಂಡೆಗೆ ಕೇಳಿಸಿತಂತೆ. ರುಕ್ಮವ್ವ ದಾನಮ್ಮನ ಗಲ್ಲಕ್ಕೆ ಗಲ್ಲ ಒತ್ತಿ ಅಳುತ್ತಿದ್ದಳು, ನಗುತ್ತಿದ್ದಳು. ತಸ್ಲೀಮಾ ಪರದೆಯನ್ನು ಮಲಕಾಜಪ್ಪನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕಾಲು ಚಾಚಿ ಕುಳಿತುಬಿಟ್ಟಳು.

"ಆಯಿ, ಒಂದ ಕಪ್ ಚಾ ಮಾಡಿಕೊಡ್ರಿ. ಜೀವ ಹೋಗೇತಿ ನಂದು."

"ನೀರ ಎಲ್ಲೈತಿ ತಂಗಿ?" ಎಂದೆ. "ಊರಾಗಿನ ನೀರೆಲ್ಲಾ ಇವನ ಮೂಗಿಗೆ ಹಾಕೀದಿ. ಇನ್ನ ಇವನ ಕೊಡಬೇಕ."

ಒಲೆ ಅಲ್ಲಿಗೇ ತಂದು ಹಚ್ಚಿದೆ. ಹಾಲು, ಸಕ್ಕರೆ, ಚಹಾಪುಡಿ ಎಲ್ಲ ತಂದಿಟ್ಟುಕೊಂಡು, ಪಾತೇಲಿಯನ್ನು ಬಸಪ್ಪನ ಬಾಲದ ಕೊಳವೆಯ ಕೆಳಗೆ ಇಟ್ಟೆ. ಮೊದಲ ಹನಿ ಬಿದ್ದಾಗ ತಳ 'ಟಿಣ್' ಎಂದಿತು. ಎರಡನೆಯದು. ಮೂರನೆಯದು. ನೂರಾರು ಜನ, ಒಂದು ಪಾತೇಲಿ. ಗೌಡರು ಕುಕ್ಕರಗಾಲಿನಲ್ಲಿ ಪಾತೇಲಿಯ ಹತ್ತಿರವೇ ಕುಳಿತು ಒಳಗೆ ಇಣುಕಿದರು.

"ತುಂಬಾಕ ಭಾಳ ಹೊತ್ತ ಹಿಡೀತೈತಿ. ಮನೀಗೆ ಹೋಗಿ ಬರ್ರಿ ಎಲ್ಲಾರೂ," ಎಂದೆ.

ಯಾರೂ ಏಳಲಿಲ್ಲ.